ಕಂಕುಳು ಹರಿದ ಹಸಿರು ಸ್ವೆಟರ್

"ಬಿಚ್ಚೋಕೆ ಹೇಳ್ರೀ. ಅದು ನನ್ನ ಸ್ವೆಟರ್."

ಹಿತ್ತಲ ಬಾಗಿಲಲ್ಲಿ ಅವಳ ದನಿ ಏರಿದ್ದೇ ತಡ, ದಾಸವಾಳದ ಗಿಡದೊಳಗಿಂದ ಪಿಕಳಾರ ಹಕ್ಕಿ ಬರ್ರನೆ ಹಾರಿಹೋಯಿತು. ಆ ಸ್ವೆಟರ್ ಹಾಕಿಕೊಂಡು ಗಿಡದ ಮುಂದೆ ಕೂತು ಫೋಟೋ ತೆಗೆಯುತ್ತಿದ್ದ ಹೆಂಗಸು ಗಾಬರಿಯಿಂದ ಕ್ಯಾಮೆರಾ ಕೆಳಗಿಳಿಸಿದಳು.

"ಮೆಲ್ಲಗೆ... ಗೂಡಲ್ಲಿ ಮೊಟ್ಟೆ ಇದೆ," ಅಂದ ಗಂಡ.

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

"ಆ ಮೊಟ್ಟೆ ಮೇಲಿರೋ ಕಾಳಜಿ ನನ್ನ ಮೇಲಿದ್ದಿದ್ರೆ, ನನ್ನ ಬಟ್ಟೆ ಇನ್ನೊಬ್ಬರ ಮೈಮೇಲೆ ಇರ್ತಿರಲಿಲ್ಲ."

ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋದವಳು, ಅಂಗಡಿ ಮುಚ್ಚಿತ್ತೆಂದು ಅರ್ಧ ಗಂಟೆಯಲ್ಲೇ ವಾಪಸಾಗಿದ್ದಳು. ಬಂದು ನೋಡಿದರೆ ಇದು! ತಾನು ಕೂರುವ ಸ್ಟೂಲು, ತನ್ನ ಹಸಿರು ಸ್ವೆಟರ್, ತನ್ನ ಗಂಡನ ಕ್ಯಾಮೆರಾ... ಮೂರೂ ಹಲ್ಲಿನ ಡಾಕ್ಟರಮ್ಮನ ಪಾಲಾಗಿದ್ದವು.

ಗಂಡ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವನು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದು ಇಟ್ಟುಕೊಂಡು ಹಿತ್ತಲಿಗೆ ಬರುವ ಹಕ್ಕಿ, ಅಳಿಲು, ಓತಿಕ್ಯಾತಗಳ ಫೋಟೋ ತೆಗೆಯುವುದು ಅವನ ಹುಚ್ಚು. ಕನ್ನಡಕ ಮಾಡಿಸಲು ಬಂದ ಡಾಕ್ಟರಮ್ಮನಿಗೂ ಅದೇ ಹುಚ್ಚು ಅಂತ ಗೊತ್ತಾದ ಮೇಲೆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಡಾಕ್ಟರು ಮರಕುಟಿಗ ನೋಡಿದರಂತೆ, ಡಾಕ್ಟರು ಹೊಸ ಲೆನ್ಸ್ ತಂದರಂತೆ. ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ತಿಂಗಳಿಂದ ದವಡೆ ಹಲ್ಲು ನೋಯುತ್ತಿದ್ದರೂ, ಊರಿಗಿದ್ದ ಒಬ್ಬಳೇ ಹಲ್ಲಿನ ಡಾಕ್ಟರಾದ ಇವಳ ಮುಂದೆ ಬಾಯಿ ತೆರೆಯಲಾರೆ ಎಂದು ಒಂದೇ ಕಡೆ ಅಗಿಯುತ್ತಿದ್ದಳು.

ಡಾಕ್ಟರಮ್ಮ ಸ್ವೆಟರ್ ಕಳಚಿ ಸ್ಟೂಲಿನ ಮೇಲಿಟ್ಟು, ತಪ್ಪಾಯಿತು ಅಂದಳು. ಹಕ್ಕಿ ಹೆದರಬಾರದು ಅಂತ ಹಾಕಿಕೊಂಡದ್ದು ಎಂದೂ ಹೇಳಿದಳು. ಕತೆ ಕಟ್ಟಿದರೂ ನಂಬುವ ಹಾಗೆ ಕಟ್ಟಬೇಕು ಅಂದುಕೊಂಡಳು ಇವಳು. ಆದರೆ ಇವಳ ಎದೆಯಲ್ಲಿ ಚುಚ್ಚುತ್ತಿದ್ದದ್ದು ಬೇರೆಯೇ.

"ಒಂದೇ ಒಂದು ಪ್ರಶ್ನೆ," ಅಂದಳು ಗಂಡನಿಗೆ. "ನನ್ನ ಅಳತೆ ಇವರಿಗೆ ಸರಿಹೋಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವನ ಮುಖ ಕೆಂಪಾಯಿತು. ಡಾಕ್ಟರಮ್ಮನ ಕಡೆ ನೋಡಿದ. ನೆಲ ನೋಡಿದ.

ಹತ್ತು ವರ್ಷದಿಂದ ಊರ ಹೆಂಗಸರ ಅಳತೆ ತೆಗೆದವಳು ಅವಳು. ಟೇಪು ಹಿಡಿಯದೆ ಅಳತೆ ಗೊತ್ತಾಗಬೇಕಾದರೆ ಕಣ್ಣು ಎಷ್ಟು ಹೊತ್ತು ಅಲ್ಲಿ ನಿಂತಿರಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ವೆಟರನ್ನು ಚೀಲಕ್ಕೆ ತುರುಕಿ, ಎರಡು ಬೀದಿ ಆಚೆಗಿದ್ದ ಅಕ್ಕನ ಮನೆಗೆ ಹೊರಟೇ ಬಿಟ್ಟಳು.

ಮೂರು ದಿನ ಕಳೆಯಿತು. ಅವನ ಫೋನು ಬಂದಾಗಲೆಲ್ಲ ಕತ್ತರಿಸಿದಳು. ಸಂಜೆ ಅಂಗಡಿ ಮುಚ್ಚಿ ಬಂದು ಅವನು ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಬಳಿ ನಿಲ್ಲುತ್ತಿದ್ದ. ಕಿಟಕಿಯ ಪರದೆ ಸಂದಿಯಿಂದ ಅವಳು ನೋಡುತ್ತಿದ್ದಳು. ನಿಂತುಕೊಳ್ಳಲಿ. ಕಾಲು ನೋಯಲಿ. ಮೊದಲೇ ಮಂಡಿ ನೋವಿನವನು... ಛೆ, ನನಗ್ಯಾಕೆ?

"ಹಲ್ಲಲ್ಲೊಂದು, ಮನಸ್ಸಲ್ಲೊಂದು ನೋವು ಇಟ್ಟುಕೊಂಡು ಕೂತಿದ್ದೀಯಲ್ಲೇ," ಅಂದಳು ಅಕ್ಕ. "ಒಂದಕ್ಕಾದರೂ ಮದ್ದು ಮಾಡು."

ನಾಲ್ಕನೆಯ ದಿನ ಭಾವ ಮಾತು ತೆಗೆದರು. ನಾಳೆ ಬೆಳಿಗ್ಗೆ ಗೂಡ್ಸ್ ಆಟೋ ತಗೊಂಡು ಹೋಗಿ ಹೊಲಿಗೆ ಮಷಿನ್ ತಂದುಬಿಡುತ್ತೇನೆ, ಇಲ್ಲೇ ವರಾಂಡದಲ್ಲಿ ಹಾಕಿಕೊಂಡರಾಯಿತು ಅಂದರು. ಅವಳು ಹೂಂ ಅಂದಳು. ಮಷಿನ್ ಒಂದು ಸಲ ಹೊಸ್ತಿಲು ದಾಟಿದರೆ ಮತ್ತೆ ಆ ಮನೆ ತನ್ನದಲ್ಲ. ಅಷ್ಟು ಅವಳಿಗೆ ಗೊತ್ತಿತ್ತು.

ಆ ಸಿಟ್ಟಿಗೆ ಚೀಲದಿಂದ ಸ್ವೆಟರ್ ಎಳೆದಳು. ಇನ್ನೊಬ್ಬಳು ಹಾಕಿದ್ದನ್ನು ತಾನು ಹಾಕುವುದುಂಟೇ? ತುಂಡು ಮಾಡಿ ಮಷಿನ್ ಒರೆಸುವ ಬಟ್ಟೆ ಮಾಡುತ್ತೇನೆ ಎಂದು ಅಕ್ಕನ ಕತ್ತರಿ ಹಿಡಿದು ಕೂತಳು. ಮೊದಲು ತೋಳು ಕತ್ತರಿಸಬೇಕು ಅಂತ ಕಂಕುಳ ಹತ್ತಿರ ಮಡಚಿದಳು.

ಕತ್ತರಿ ಅಲ್ಲೇ ನಿಂತಿತು.

ಎರಡೂ ಕಂಕುಳ ಹೊಲಿಗೆ ಬಿಟ್ಟಿತ್ತು. ಬೆನ್ನ ಮಧ್ಯೆ ಹೆಣಿಗೆ ಜಗ್ಗಿ ಜಾಳಾಗಿತ್ತು. ಡಾಕ್ಟರಮ್ಮನದು ಕಡ್ಡಿಯಂಥ ಭುಜ. ಅದರಿಂದ ಹೀಗೆ ಹರಿಯಲು ಸಾಧ್ಯವೇ ಇಲ್ಲ. ಇದು ಅಗಲ ಬೆನ್ನಿನ ಯಾರೋ ಉಸಿರು ಬಿಗಿಹಿಡಿದು ತೂರಿಕೊಂಡ ಹರಕು.

ಹರಿದದ್ದನ್ನು ಮುಚ್ಚಿ ಹೊಲಿದಿದ್ದರು. ಹೊಲಿಗೆಯೋ, ದೇವರೇ ಗತಿ! ಕೋಳಿ ಕೆದರಿದ ಹಾಗೆ. ಬೆರಳಿನಿಂದ ಸವರಿದಳು. ದಾರವಲ್ಲ... ಅರ್ಧ ಫ್ರೇಮಿನ ಕನ್ನಡಕದಲ್ಲಿ ಗಾಜು ಹಿಡಿದಿಡುತ್ತಾರಲ್ಲ, ಆ ಸಣ್ಣ ನೈಲಾನ್ ಎಳೆ.

ಮನೆ ತುಂಬ ದಾರದುಂಡೆಗಳಿದ್ದರೂ ಅವಳ ಪೆಟ್ಟಿಗೆ ಮುಟ್ಟಿದರೆ ಗೊತ್ತಾಗಿಬಿಡುತ್ತದೆ ಎಂದು ಅಂಗಡಿಗೆ ಒಯ್ದು ಹೊಲಿದಿದ್ದಾನೆ!

ಅವಳು ಕಿಟಕಿಯ ಪರದೆ ಸರಿಸಿದಳು. ಮೆಟ್ಟಿಲ ಬಳಿ ಅವನು ನಿಂತಿದ್ದ. ಆಗ ಕಂಡಿತು, ನಾಲ್ಕು ದಿನದಿಂದಲೂ ಅದೇ ನೀಲಿ ಅಂಗಿ.

"ಅಕ್ಕಾ, ಗೇಟಿನ ತನಕ ಹೋಗಿ ಇವರಿಗೆ ನಾಲ್ಕು ಮಾತು ಬೈದು ಬರ್ತೀನಿ," ಅಂದಳು.

"ತಟ್ಟೆ ಹಾಕಿದ್ದೀನಿ. ಬೇಗ ಬಾ."

ರಸ್ತೆ ದಾಟಿ ಅವನ ಮುಂದೆ ಸ್ವೆಟರ್ ಹಿಡಿದಳು. "ಇದನ್ನು ಯಾರು ಹಾಕಿಕೊಂಡಿದ್ದು?"

"ಮೊದಲು... ನಾನು."

ಯಾಕೆ ಎಂದು ಕೇಳಿದಾಗ ತಡವರಿಸುತ್ತ ಹೇಳಿದ. ಬೆಳಿಗ್ಗೆ ಈ ಸ್ವೆಟರ್ ಹಾಕಿಕೊಂಡು ಅವಳು ಗಿಡದ ಪಕ್ಕದಲ್ಲೇ ಬಟ್ಟೆ ಹರವಿದರೂ ಹಕ್ಕಿ ಗೂಡಿನಿಂದ ಮಿಸುಕುತ್ತಿರಲಿಲ್ಲ. ಅವನ ನೆರಳು ಬಿದ್ದರೆ ಸಾಕು, ಹಾರಿಬಿಡುತ್ತಿತ್ತು. ಸ್ವೆಟರ್ ಹಾಕಿದರೆ ತನ್ನನ್ನೂ ನಂಬೀತು ಅಂದುಕೊಂಡ. ತೋಳೆತ್ತಿದಾಗ ಚರ್ ಅಂತು. ಅಂಗಡಿಯಲ್ಲಿ ಹೊಲಿದು ತಂದು, ಅಳತೆ ಗಿಳತೆ ನೋಡದೆ ಮರುದಿನ ಡಾಕ್ಟರಿಗೆ ಕೊಟ್ಟ.

"ನನ್ನನ್ನೇ ಕೂರಿಸಬಹುದಿತ್ತಲ್ಲ?"

"ಕ್ಯಾಮೆರಾ ಕಂಡರೆ ನಿನಗಾಗಲ್ಲ. ಕೇಳೋಕೆ ಭಯ ಆಯ್ತು."

"ಅವತ್ತೇ ಹೇಳೋಕೇನಾಗಿತ್ತು ಧಾಡಿ?"

"ಹೆಂಡತಿ ಸ್ವೆಟರ್ ಹಾಕಿಕೊಂಡು ಹರಿದುಕೊಂಡೆ ಅಂತ ಡಾಕ್ಟರ್ ಮುಂದೆ ಹೇಗೆ ಹೇಳಲಿ?"

ಅವಳಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ಹಲ್ಲು ಕಚ್ಚಿದಳು, ದವಡೆ ಚುಳ್ ಅಂದು ಕಣ್ಣಲ್ಲಿ ನೀರು ಬಂತು.

"ಈ ಅಂಗಿ ಯಾಕೆ ಹೀಗೆ ನಾರ್ತಿದೆ?"

"ಒಗೆದದ್ದೆಲ್ಲ ಬಕೆಟ್‌ನಲ್ಲೇ ಇದೆ. ಹರವೋಕೆ ಹೋದರೆ ಹಕ್ಕಿ ಎದ್ದುಹೋಗುತ್ತೆ, ಮೊಟ್ಟೆ ತಣ್ಣಗಾಗುತ್ತೆ. ನೀನು ಹೋದಾಗಿನಿಂದ ನಾನು ಹಿತ್ತಲಿಗೇ ಹೋಗಿಲ್ಲ."

"ಹಾಗಾದರೆ ನಾನು ಬೇಕಾಗಿರೋದು ಹಕ್ಕಿಗೆ."

ಮಾತು ಅವನಿಗೆ ಯಾವಾಗಲೂ ತಡವಾಗಿಯೇ ಸಿಗುತ್ತಿತ್ತು.

"ಅದಕ್ಕೆ ಮೊಟ್ಟೆ ಮರಿಯಾಗೋ ತನಕ ಸಾಕು," ಅಂದ. "ನನಗೆ ಹಾಗಲ್ಲ... ನೀನಿಲ್ಲದ ಮನೇಲಿ ನನಗೆ ಆಗಲ್ಲ ಕಣೇ."

ಅವಳು ಮುಖ ತಿರುಗಿಸಿದಳು. ತಿರುಗಿಸಿದ ಕಡೆಗೇ ನಡೆಯತೊಡಗಿದಳು. ಅದು ಅವರ ಮನೆಯ ದಾರಿ. ಅವನು ಕುಂಟುತ್ತ ಹಿಂದೆ ಬಂದ.

"ನಾಳೆ ಹಲ್ಲು ತೋರಿಸೋಕೆ ಹೋಗ್ತೀನಿ," ಅಂದಳು ಹಿಂತಿರುಗಿ ನೋಡದೆ. "ನೀವು ಹೊರಗೇ ಕೂತಿರಬೇಕು."

"ಬೀದೀಲೇ ನಿಂತಿರ್ತೀನಿ. ಅಭ್ಯಾಸ ಆಗಿದೆ."

ಅಕ್ಕ ಗೇಟಿನ ಕಡೆ ಎರಡು ಸಲ ಇಣುಕಿ ನೋಡಿದಳು. ಆಮೇಲೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ನಾಳೆ ಆಟೋ ಬೇಡ ಎಂದು ತನ್ನ ಗಂಡನಿಗೆ ಹೇಳಿದಳು.