ಎಡ ಮೈದಾನದ ಗಂಟೆ

ಬೇಸ್‌ಬಾಲ್ ಆಟದ ಕೊನೆಯ ಬ್ಯಾಟರ್ ಔಟಾದ. ಎಡ ಮೈದಾನದ ಬೇಲಿಯಾಚೆ ಉಸಿರು ಬಿಗಿಹಿಡಿದು ಕೂತಿದ್ದ ಜನ ಒಂದೇ ಸಲ ಎದ್ದು ಕೂಗಿದರು. ಮುದುಕ ಕ್ಲೋವಿಸ್ ಗಿಡ್ರಿ ಮಂಡಿನೋವು ಮರೆತು, ತಾವೆಲ್ಲ ಸಾಲಾಗಿ ಕೂತು ಆಟ ನೋಡುವ ಟ್ರೇಲರಿನ ಹಿಂಭಾಗಕ್ಕೆ ಓಡಿದ. ಕಂಬದಿಂದ ಇಳಿಬಿದ್ದಿದ್ದ ಹಗ್ಗ ಹಿಡಿದು ಜಗ್ಗಿದ.

ಸದ್ದಿಲ್ಲ. ಹಗ್ಗ ಸುಮ್ಮನೆ ಜಾರಿ ಅವನ ಹೆಗಲ ಮೇಲೆ ಬಿತ್ತು. ಮೇಲೆ ಖಾಲಿ ಕೊಕ್ಕೆ ಮಾತ್ರ ಇತ್ತು.

"ಗಂಟೆ ಎಲ್ರೋ?" ಎಂದ ಕ್ಲೋವಿಸ್. ಅವನ ದನಿ ಕೇಳಿ ಹತ್ತಿರದವರ ಕೂಗು ನಿಂತಿತು. ಆಮೇಲೆ ಸಾಲುಸಾಲಾಗಿ ಎಲ್ಲರದೂ ನಿಂತಿತು.

ಸಾರ್ಜೆಂಟ್ ಒಡೆಟ್ ಬ್ರಸಾರ್ ಬೇಲಿಯ ಬುಡದಿಂದ ಮೇಲೆ ಹತ್ತಿ ಬಂದಳು. ಅವಳು ಬೆಲ್‌ರೀವ್ ಕಾಲೇಜಿನ ಪೊಲೀಸ್. ಆಟವಿದ್ದ ದಿನವೆಲ್ಲ ಎಡ ಮೈದಾನದ ಕಾವಲು ಅವಳದೇ. ಕಾವಲೆಂದರೆ ಮೈದಾನಕ್ಕೆ ಬೆನ್ನು ಹಾಕಿ, ಜನಕ್ಕೆ ಮುಖ ಮಾಡಿ ನಿಲ್ಲುವುದು. ವರ್ಷಗಟ್ಟಲೆ ಬೇಸ್‌ಬಾಲ್ ಅಂಗಳದಲ್ಲೇ ನಿಂತಿದ್ದರೂ ಒಂದು ಆಟವನ್ನೂ ಪೂರ್ತಿ ನೋಡಿದವಳಲ್ಲ. ಆಟವೇನಿದ್ದರೂ ಜನರ ಮುಖದಲ್ಲಿ ಓದಿಕೊಳ್ಳುತ್ತಿದ್ದಳು.

ಈ ದಿನ ಆಟ ಮುಗಿಯುವವರೆಗೂ ಆ ಮುಖಗಳು ಕಲ್ಲಾಗಿದ್ದವು. ಕಾಲೇಜಿನ ಪಿಚರ್, ಅಂದರೆ ಚೆಂಡೆಸೆಯುವವನು, ಮೈಕಾ ಟೌಲ್ಸ್ ಎದುರಾಳಿಗಳಿಗೆ ಒಂದೇ ಒಂದು ಹಿಟ್, ಅಂದರೆ ಓಡಿ ಬೇಸ್ ಮುಟ್ಟುವಂಥ ಹೊಡೆತ, ಕೊಡದೆ ಎಸೆಯುತ್ತಿದ್ದ. ಹಾಗೆ ಇಡೀ ಆಟ ಮುಗಿಸುವುದಕ್ಕೆ ಒಂದು ಹೆಸರಿದೆ. ಆದರೆ ಅದೃಷ್ಟ ಕೆಟ್ಟೀತೆಂದು ಮುಗಿಯುವವರೆಗೆ ಆ ಹೆಸರನ್ನು ಬಾಯಿಂದ ಆಡುವಂತಿಲ್ಲ. ಕೂತ ಜಾಗ ಬಿಡುವಂತಿಲ್ಲ. ಕಾಲ ಮೇಲೆ ಹಾಕಿದ ಕಾಲನ್ನು ತೆಗೆಯುವಂತಿಲ್ಲ. ಆ ಜನ ಎಷ್ಟು ನಿಷ್ಠೆಯಿಂದ ಕೂತಿದ್ದರೆಂದರೆ ಒಬ್ಬನ ಮೂಗಿನ ಮೇಲೆ ಕೂತ ನೊಣಕ್ಕೂ ಆಟ ಪೂರ್ತಿ ನೋಡಲು ಸಿಕ್ಕಿತು.

"ಮುಟ್ಬೇಡಿ, ಯಾರೂ ಏನೂ ಮುಟ್ಬೇಡಿ," ಎಂದಳು ಒಡೆಟ್.

* * *

ಅದು ಬರೀ ಗಂಟೆಯಾಗಿರಲಿಲ್ಲ. ಕ್ಲೋವಿಸನ ತಮ್ಮ ಆಲ್ಸೀಡನ ಸಿಗಡಿ ದೋಣಿಯದು. ತಮ್ಮ ತೀರಿಕೊಂಡ, ದೋಣಿ ಗುಜರಿಗೆ ಹೋಯಿತು, ಹಿತ್ತಾಳೆಯ ಗಂಟೆ ಉಳಿಯಿತು. ಕಾಲೇಜು ಗೆದ್ದರೆ ಅದನ್ನು ಬಾರಿಸಬೇಕು. ಊರಂಚಿನ ನೀರಿನ ಆಚೆ ದಡದವರು ಆಟಕ್ಕೆ ಬರದಿದ್ದರೂ ಗಂಟೆ ಕೇಳಿಯೇ ಗೆಲುವು ತಿಳಿದುಕೊಳ್ಳುತ್ತಿದ್ದರು.

"ಕಳ್ಳ ಯಾರು ಅಂತ ಕೇಳ್ಬೇಡ ಮಿಸ್ ಒಡೆಟ್," ಎಂದ ಕ್ಲೋವಿಸ್. ಕಣ್ಣು ಕೆಂಪಾಗಿತ್ತು. "ಹೇಳಕ್ಕೆ ನಾಲಿಗೆ ಏಳಲ್ಲ ನಂಗೆ."

"ಏಳಿಸಿ ನಾಂಕ್ ಕ್ಲೋವಿಸ್." ಊರಿಗೆಲ್ಲ ಅವನು ನಾಂಕ್, ಅಂದರೆ ಚಿಕ್ಕಪ್ಪ.

"ಹಿಯೆನ್. ಆರನೇ ಇನ್ನಿಂಗ್ಸಲ್ಲಿ ಎದ್ದು ಹೋದ. ನನ್ನ ಮೊಣಕಾಲು ತಾಗಿಸ್ಕೊಂಡೇ ಹೋದ. ವಾಪಸ್ ಬರ್ಲೇ ಇಲ್ಲ. ಅಂಥ ಆಟದಲ್ಲಿ ಯಾರಾದ್ರೂ ಎದ್ದು ಹೋಗ್ತಾರಾ? ನಂಗೆ ಐದನೇದರಿಂದ್ಲೇ ಉಚ್ಚೆಗೆ ಅವಸರ. ಹೋದ್ನಾ ನಾನು?"

ಹಿಯೆನ್ ಲಾಮ್ ಆಲ್ಸೀಡನ ದೋಣಿಯಲ್ಲಿ ವರ್ಷಗಟ್ಟಲೆ ಬಲೆ ಎಳೆದವನು. ಈಗ ವಯಸ್ಸಾಗಿದೆ. ಕ್ಲೋವಿಸನ ಪಕ್ಕದ ಕುರ್ಚಿ ಅವನದೇ. ಜನ ಆಗಲೇ ಅವನ ಟ್ರಕ್ಕಿನ ಸುತ್ತ ನೆರೆದಿದ್ದರು. ಅವನು ಎಲ್ಲ ಬಾಗಿಲನ್ನೂ ತೆರೆದು ತೋರಿಸಿದ. ಗಂಟೆ ಇರಲಿಲ್ಲ.

"ಎಲ್ಲಿಗೆ ಹೋಗಿದ್ರಿ ಮಿಸ್ಟರ್ ಹಿಯೆನ್?" ಒಡೆಟ್ ಕೇಳಿದಳು.

"ಇಲ್ಲೇ ಇದ್ದೆ. ಟ್ರಕ್ ಒಳಗೆ."

"ಯಾಕೆ?"

ಅವನು ಕ್ಲೋವಿಸನ ಕಡೆ ನೋಡಿದ. ನಂತರ ತನ್ನ ಕುರ್ಚಿಯನ್ನು ಮಡಚಿ ಟ್ರಕ್ಕಿಗೆ ಹಾಕಿಕೊಂಡು ಹೊರಟೇಹೋದ. ಆ ಕುರ್ಚಿ ಎಡ ಮೈದಾನದಿಂದ ಆಚೆ ಹೋದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಮುಂದಿನ ವರ್ಷ ಹಗ್ಗ ಅವನ ಕೈಗೇ ಕೊಡೋಣ ಅಂತಿದ್ದೆ," ಎಂದ ಕ್ಲೋವಿಸ್. "ನನ್ನ ಹೆಗಲು ಕೇಳ್ತಿಲ್ಲ. ನಿನ್ನೆ ಊಟದ ಹೊತ್ತಲ್ಲಿ ಎಲ್ಲರ ಮುಂದೆ ಹೇಳಿದ್ದೂ ಆಯ್ತು. ನೋಡು ನನ್ನ ಗ್ರಹಚಾರ."

* * *

ಒಡೆಟ್ ಮೊದಲು ಎದುರಾಳಿಗಳ ಬಸ್ಸಿಗೆ ಹೋದಳು. ಹಸಿರು ಅಂಗಿಯ ಅಭಿಮಾನಿಗಳು ಸೋತ ಮುಖ ಹೊತ್ತು ಕೂತಿದ್ದರು. ಹಿಂದಿನ ಸೀಟಿನಡಿ ಕಂಬಳಿ ಸುತ್ತಿದ ಗುಂಡನೆಯ ವಸ್ತು ಕಂಡಿತು. ತಟ್ಟಿದಳು, ಠಣ್ ಎಂದಿತು. ಬಿಚ್ಚಿದರೆ ಯಾರದೋ ಅಡುಗೆಮನೆಯ ತಪ್ಪಲೆ, ಜೊತೆಗೊಂದು ಮರದ ಸೌಟು.

"ಗೆದ್ರೆ ಬಾರಿಸ್ಬೇಕು ಅಂತ ತಂದಿದ್ವಿ," ಎಂದಳು ಒಬ್ಬ ಹೆಂಗಸು. "ಒಂದು ಹಿಟ್ ಬಿದ್ದಿದ್ರೂ ಸಾಕಾಗಿತ್ತು, ಸುಮ್ನೆ ಒಂದೇಟು ಬಾರಿಸ್ಬಿಡ್ತಿದ್ದೆ."

ಹೋದ ವರ್ಷ ಬಾವುಟ ಕದ್ದಿದ್ದ ಹಾಸ್ಟೆಲ್ ಹುಡುಗರನ್ನು ವಿಚಾರಿಸಿದಳು. ಅವರು ಬೇರೆ ಕಡೆಯ ಸ್ಟ್ಯಾಂಡಿನಲ್ಲಿ ಅಂಗಿ ಬಿಚ್ಚಿ ಎದೆಗೆ ಬಣ್ಣ ಬಳಿದುಕೊಂಡು ನಿಂತಿದ್ದರು. ಅವರನ್ನು ಊರೆಲ್ಲ ನೋಡಿತ್ತು.

ಕೊನೆಗೆ ಅವಳು ಟ್ರೇಲರ್ ಹಿಂದಿನ ಅಡುಗೆಯ ಜಾಗಕ್ಕೆ ಬಂದಳು. ಗಂಟೆಯ ಕಂಬ ಇದ್ದದ್ದೂ ಅಲ್ಲೇ, ಬೇಲಿಯಿಂದ ನೋಡಿದರೆ ಕಾಣದು. ಎಮಿಲ್ ಡೂಸೆ ಒಲೆ ಒರೆಸುತ್ತಿದ್ದ. ಕ್ಲೋವಿಸನ ದೊಡ್ಡಮ್ಮನ ಮಗ. ಇವರಿಗೆಲ್ಲ ಕ್ರಾಫಿಶ್ ಎಂಬ ಕೆಸರುಸಿಗಡಿ ಬೇಯಿಸಿ ಹಾಕುವವನು ಅವನೇ. ಅವನ ಖಾರಕ್ಕೆ ಹೆದರಿ ಎದುರಾಳಿಗಳು ಸಹ ಗೌರವ ಕೊಡುತ್ತಿದ್ದರು.

"ನೀವಿಲ್ಲೇ ಇದ್ರಲ್ಲ ಎಮಿಲ್. ಏನಾದ್ರೂ ನೋಡಿದ್ರಾ?"

"ಇಲ್ಲಿ ಎಲ್ಲಿದ್ದೆ? ಆರನೇದು ಶುರುವಾದಾಗ್ಲೇ ಒಲೆ ಆರಿಸಿ ಹಿಂದಿನ ಸಾಲಿಗೆ ಹತ್ತಿದೆ. ಅಂಥ ಆಟ ಬಿಟ್ಟು ಹಂಡೆ ಕಾಯ್ತಾರಾ?"

"ಕೊನೇ ತನಕ ಅಲ್ಲೇ?"

"ಅಲ್ಲೇ. ಹಿಯೆನ್ ಇಳಿದು ಕಂಬದ ಕಡೆ ಹೋಗಿದ್ದು ನೋಡ್ದೆ. ನಮ್ಮವನ ಮೇಲೆ ಹೇಳಕ್ಕೆ ಸಂಕಟ ಆಗುತ್ತೆ, ಆದ್ರೆ ನೋಡಿದ್ದು ನೋಡಿದ್ದೇ. ಆಮೇಲೆ ಏಳನೇದರ ಹಾಡು ಬಂತು. ಎಲ್ಲರ ಜೊತೆ ಎದ್ದು ಹಾಡ್ದೆ, ಪಕ್ಕದವರ ಹೆಗಲ ಮೇಲೆ ಕೈ ಹಾಕ್ಕೊಂಡು. ಹುಟ್ಟಿದಾಗಿಂದ ಹಾಡ್ತಿದೀನಿ ಮಿಸ್ ಒಡೆಟ್."

ಹೌದು, ಅದು ಎಲ್ಲ ಆಟದಲ್ಲೂ ಇರುವುದೇ. ಏಳನೇ ಇನ್ನಿಂಗ್ಸ್ ನಡುವೆ ಹಾಡು ಹಾಕುತ್ತಾರೆ, ಮೈದಾನಕ್ಕೆ ಮೈದಾನವೇ ಎದ್ದು ತೂಗಾಡುತ್ತದೆ.

ಹಿಂದಿನ ಸಾಲು ತಗಡಿನ ಸೂರಿನ ಕೆಳಗೆ ಕತ್ತಲಲ್ಲಿತ್ತು. ಅಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಒಡೆಟ್‌ಗೆ ಕಂಡಿರಲಿಲ್ಲ. ಮುಂದಿದ್ದವರು ಹಿಂದೆ ತಿರುಗಿರಲಿಲ್ಲ. ಅವಳು ತಲೆಯಾಡಿಸಿ ಹೊರಟಳು. ಕಾರು ಹತ್ತಿದ ಮೇಲೂ ಏನೋ ಕೊರೆಯುತ್ತಿತ್ತು.

* * *

ಮರುದಿನ, ಭಾನುವಾರ ಬೆಳಗ್ಗೆ ಅವಳು ಹಿಯೆನ್ ಮನೆಗೆ ಹೋದಳು. ಅವನು ಅಂಗಳದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ. ಬಲೆ ಎಲ್ಲೂ ಹರಿದಿರಲಿಲ್ಲ.

"ಇವತ್ತು ಕೊನೇ ಆಟ. ಗೆದ್ರೆ ಟೂರ್ನಿಗೆ ಹೋಗ್ತಾರೆ," ಎಂದಳು. "ಬರಲ್ವಾ?"

"ಕಳ್ಳನ ಕುರ್ಚಿ ಎಲ್ಲಿ ಹಾಕ್ಕೊಳ್ಳೋದು?"

"ಹಾಗಿದ್ರೆ ಯಾಕೆ ಎದ್ರಿ ಅಂತ ಹೇಳಿ."

"ಇವತ್ತಿನ ಆಟ ಮುಗೀಲಿ. ಹೇಳ್ತೀನಿ."

"ಅಲ್ಲೀವರೆಗೂ ಕಳ್ಳ ಅನ್ನಿಸ್ಕೊಂಡಿರ್ತೀರಾ?"

"ಒಂದು ದಿನ ತಾನೆ."

ಟ್ರಕ್ಕಿನ ಕಿಟಕಿ ತೆರೆದಿತ್ತು. ಒಳಗೆ ನಿಂಬೆ ಷರಬತ್ತಿನ ದೊಡ್ಡ ಲೋಟ, ಒಂದು ಗುಟುಕನ್ನೂ ಕುಡಿದಿರಲಿಲ್ಲ. ರೇಡಿಯೊದ ಗುಂಡಿಗೆ ಬಟ್ಟೆ ಸುತ್ತಿತ್ತು, ಅಪ್ಪಿತಪ್ಪಿ ಕೈ ತಾಗೀತೆಂದು ಭಯಪಟ್ಟವನ ಹಾಗೆ. ಒಡೆಟ್ ಎರಡನ್ನೂ ನೋಡಿದಳು. ನಿನ್ನೆ ಈ ಮನುಷ್ಯ ಎದ್ದಾಗ ಅವನ ಮುಖದ ಮೇಲೆ ಇದ್ದದ್ದೇನೆಂದು ಈಗ ಹೊಳೆಯಿತು. ಅದು ಕಳ್ಳತನವಲ್ಲ, ಹೆದರಿಕೆ.

ಆ ಕ್ಷಣಕ್ಕೇ ಇನ್ನೊಂದೂ ಹೊಳೆಯಿತು. ಕೊರೆಯುತ್ತಿದ್ದದ್ದು ಯಾವುದೆಂದು ತಿಳಿಯಿತು. ಅವಳಿಗೆ ನಗು ಬಂತು.

"ಮಧ್ಯಾಹ್ನ ಬೇಲಿ ಬಾಗಿಲ ಹತ್ರ ಬಂದು ನಿಲ್ಲಿ ಮಿಸ್ಟರ್ ಹಿಯೆನ್. ಒಳಗೆ ಬರ್ಬೇಡಿ. ಕುರ್ಚಿ ಮಾತ್ರ ತನ್ನಿ."

* * *

ಮೈಕಾನ ಸುದ್ದಿ ಹಬ್ಬಿ ಮೈದಾನ ಕಿಕ್ಕಿರಿದಿತ್ತು. ಹಿಂದೆಂದೂ ಬಾರದವರು ಎಳೆಮಕ್ಕಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಎಡ ಮೈದಾನದಲ್ಲಿ ಊಟದ ಸಾಲು ರಸ್ತೆಗೆ ಮುಟ್ಟಿತ್ತು. ಕ್ಲೋವಿಸ್ ಮತ್ತವನ ಕಡೆಯವರು ಇನ್ನೇನಾದರೂ ಕಳುವಾದೀತೆಂದು ರಾತ್ರಿಯಿಡೀ ಅಲ್ಲೇ ಕಾವಲು ಕೂತಿದ್ದರಿಂದ ಕಣ್ಣು ಊದಿಕೊಂಡಿದ್ದವು.

ಎಮಿಲ್ ಬೆವರು ಸುರಿಸುತ್ತ ಒಂದೇ ಹಂಡೆಯಲ್ಲಿ ಬೇಯಿಸುತ್ತಿದ್ದ. ಎರಡನೆಯದು ಮುಚ್ಚಳ ಹಾಕಿಕೊಂಡು ಪಕ್ಕದಲ್ಲಿತ್ತು.

"ಇಷ್ಟು ಜನಕ್ಕೆ ಒಂದೇ ಹಂಡೇನಾ?" ಒಡೆಟ್ ಕೇಳಿದಳು.

"ಅದರ ಒಲೆ ಕೆಟ್ಟಿದೆ."

ಅವಳು ಬಗ್ಗಿ ಗುಂಡಿ ತಿರುಗಿಸಿ ಕಡ್ಡಿ ಗೀರಿದಳು. ಒಲೆ ಚೆನ್ನಾಗಿಯೇ ಹತ್ತಿಕೊಂಡಿತು. ಅವಳು ಆರಿಸಿದಳು. ಎಮಿಲ್ ತನ್ನ ಹಂಡೆಯನ್ನು ಇನ್ನಷ್ಟು ಜೋರಾಗಿ ಕಲಕತೊಡಗಿದ.

"ನಾಂಕ್ ಕ್ಲೋವಿಸ್, ಎಲ್ರೂ ಸ್ವಲ್ಪ ಇಲ್ಲಿ ಬನ್ನಿ," ಎಂದು ಒಡೆಟ್ ಕರೆದಳು. "ಎಮಿಲ್, ನಿನ್ನೆ ಏಳನೇದರ ಹಾಡು ಬಂದಾಗ ಏನು ಮಾಡಿದ್ರಿ, ಇವರಿಗೂ ಹೇಳಿ."

"ಹೇಳಿದ್ನಲ್ಲ. ಎಲ್ಲರ ಜೊತೆ ಎದ್ದು ಹಾಡ್ದೆ."

ಸಾಲಿನಲ್ಲಿದ್ದವರು ತಟ್ಟೆ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು. ಕ್ಲೋವಿಸ್ ನಿಧಾನವಾಗಿ ಟೋಪಿ ತೆಗೆದ.

"ಯಾರು ಎದ್ದಿದ್ದೋ ನಿನ್ನೆ?" ಎಂದ. "ಯಾರು ಹಾಡಿದ್ದು?"

ಎಮಿಲನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಮೈದಾನದಲ್ಲಿ ಉಳಿದವರೆಲ್ಲ ಎದ್ದರು," ಎಂದಳು ಒಡೆಟ್. "ಈ ಎಡಗಡೆಯವರು ಮಾತ್ರ ಏಳಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಮೈಕಾನ ಅದೃಷ್ಟ ಕೆಡುತ್ತೆ ಅಂತ ಹೆದರಿ ಕೂತಿದ್ರು. ನಾನು ಇವರ ಮುಖಾನೇ ನೋಡ್ತಾ ನಿಂತಿದ್ದೆ. ಇಲ್ಲಿ ಕೂತಿದ್ದವರಿಗೆ ಅದು ಮರೆಯಕ್ಕೇ ಆಗಲ್ಲ. ಟ್ರೇಲರ್ ಹಿಂದೆ ನಿಂತು ಹಾಡು ಮಾತ್ರ ಕೇಳಿಸ್ಕೊಂಡವನಿಗೆ, ಎಂದಿನ ಹಾಗೆ ಎದ್ದಿರ್ತಾರೆ ಅನ್ಸುತ್ತೆ. ಗಂಟೆಯ ನಾಲಿಗೆ ಸದ್ದಾಗದಂತೆ ಹಿಡಿದು ಇಳಿಸೋಕೆ ಗೊತ್ತಿದ್ದವನು ಹೊರಗಿನವನಲ್ಲ. ರಾತ್ರಿಯೆಲ್ಲ ಕಾವಲಿದ್ದದ್ದರಿಂದ ಆಚೆ ಸಾಗಿಸೋಕೂ ಆಗಿಲ್ಲ. ಹಾಗಿದ್ರೆ ಇಲ್ಲೇ ಇರ್ಬೇಕು. ಅಡುಗೆಯವನ ಹಂಡೇಲಿ ಯಾರು ಇಣುಕ್ತಾರೆ?"

ಕ್ಲೋವಿಸ್ ತಾನೇ ಮುಚ್ಚಳ ತೆಗೆದ. ಮೇಲೆ ಜೋಳದ ಚೀಲ, ಆಲೂಗಡ್ಡೆ. ಕೆಳಗೆ ಎಮಿಲನ ಅಡುಗೆಯ ಏಪ್ರನ್ ಸುತ್ತಿದ ಗಂಟೆ. ಮುದುಕ ಅದನ್ನು ಎದೆಗೆ ಅಪ್ಪಿಕೊಂಡ.

"ನಿನ್ನ ಸ್ವಂತ ರಕ್ತ ನಾನು," ಎಂದ ಎಮಿಲ್. ತಲೆ ಎತ್ತಲಿಲ್ಲ. "ಇಷ್ಟು ವರ್ಷ ಹೊಗೇಲಿ ಬೆಂದಿದ್ದು ನಾನು. ಹಗ್ಗ ಅವನಿಗೆ ಅಂದ್ಬಿಟ್ಟೆ. ಅವನು ಎದ್ದು ಹೋಗಿದ್ದು ಕಾಣಿಸ್ತು, ಯಾರೂ ತಿರುಗಿ ನೋಡ್ತಿರ್ಲಿಲ್ಲ. ಬುದ್ಧಿ ಕೆಟ್ಟೋಯ್ತು."

"ಹಗ್ಗ ಬೇಕು ಅಂತ ಒಂದು ಮಾತು ಹೇಳ್ಬಾರ್ದಿತ್ತಾ, ಮುಠ್ಠಾಳ?"

"ಕೇಳಿಸ್ಕೊಳ್ಳೋ ಜನ್ಮಾನಾ ನಿಂದು?"

ಕ್ಲೋವಿಸ್ ಸುತ್ತ ನೋಡಿದ. "ಮತ್ತೆ ಹಿಯೆನ್ ಯಾಕೆ ಎದ್ದ?"

"ಐದನೇದರಲ್ಲಿ ಷರಬತ್ತು ತರೋಕೆ ಹೋಗಿದ್ರು, ನಾನೇ ನೋಡಿದ್ದೆ," ಎಂದಳು ಒಡೆಟ್. "ಅಷ್ಟರಲ್ಲಿ ಮೈಕಾ ಮೂರೂ ಜನರನ್ನ ಸಲೀಸಾಗಿ ಔಟ್ ಮಾಡ್ದ. ವಾಪಸ್ ಬಂದು ಕೂತ ತಕ್ಷಣ ಏನಾಯ್ತು, ನೆನಪಿದ್ಯಾ?"

ಕ್ಲೋವಿಸ್‌ಗೆ ನೆನಪಿತ್ತು. ಬಾರಿಸಿದ ಚೆಂಡು ಬೇಲಿವರೆಗೂ ಹಾರಿ ಬಂದಿತ್ತು, ಇನ್ನೇನು ಹಿಟ್ ಆಗುವುದರಲ್ಲಿ ಫೀಲ್ಡರ್ ನೆಲಕ್ಕೆ ಬಿದ್ದು ಹಿಡಿದಿದ್ದ. ಎಲ್ಲರ ಜೀವ ಬಾಯಿಗೆ ಬಂದಿತ್ತು.

"ತಾನು ನೋಡಿದ್ರೇ ಅಪಶಕುನ ಅಂತ ಅವರ ತಲೆಗೆ ಬಂತು. ಎದ್ದು ಹೋಗಿ ರೇಡಿಯೊ ಕೂಡ ಹಾಕದೆ ಟ್ರಕ್ಕಲ್ಲಿ ಕೂತ್ರು. ಕಾರಣ ಬಾಯಿಬಿಟ್ರೆ ಇವತ್ತಿನ ಆಟಕ್ಕೆ ಕೇಡು ಅಂತ ಅದನ್ನೂ ನುಂಗ್ಕೊಂಡ್ರು. ನಿಮ್ಮೆಲ್ಲರ ಗೆಲುವಿಗೋಸ್ಕರ ಕಳ್ಳ ಅನ್ನಿಸ್ಕೊಂಡು ಮನೆಗೆ ಹೋದ್ರು."

ಕ್ಲೋವಿಸ್ ಗಂಟೆಯನ್ನು ಒಡೆಟ್ ಕೈಗೆ ತುರುಕಿ, ಬೇಲಿ ಬಾಗಿಲ ಕಡೆ ಕುಂಟುತ್ತ ನಡೆದ. ಹಿಯೆನ್ ಮಡಚಿದ ಕುರ್ಚಿ ಹಿಡಿದು ನಿಂತಿದ್ದ. ಕ್ಲೋವಿಸ್ ಆ ಕುರ್ಚಿಯನ್ನು ಕಿತ್ತುಕೊಂಡು ತಾನೇ ಹೊತ್ತು ತಂದ.

"ಅವನನ್ನ ಠಾಣೆಗೆ ಕರ್ಕೊಂಡು ಹೋಗ್ಲಾ?" ಒಡೆಟ್ ಎಮಿಲನ ಕಡೆ ಕೈ ತೋರಿಸಿ ಕೇಳಿದಳು.

ಕ್ಲೋವಿಸ್ ಹಿಯೆನ್‌ನ ಮುಖ ನೋಡಿದ. ಹಿಯೆನ್ ಎಮಿಲನ ಕಡೆ ತಿರುಗಿದ.

"ನಿನ್ನೆ ಕೊನೇ ಔಟ್ ನೋಡಿದ್ಯಾ?" ಎಂದು ಕೇಳಿದ.

ಎಮಿಲ್ ಇಲ್ಲವೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರು ತುಂಬಿತು. ಇಂಥ ಒಂದು ಆಟಕ್ಕೆ ಅವನು ಜೀವಮಾನವಿಡೀ ಕಾದಿದ್ದ.

"ನಾನೂ ನೋಡ್ಲಿಲ್ಲ," ಎಂದ ಹಿಯೆನ್. "ಬಿಡಿ ಮಿಸ್ ಒಡೆಟ್. ಅವನಿಗೆ ಅಷ್ಟು ಶಿಕ್ಷೆ ಸಾಕು. ಜನ ಹಸಿದಿದ್ದಾರೆ, ಎರಡನೇ ಹಂಡೇನೂ ಹಚ್ಚಲಿ."

* * *

ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಕಾಲೇಜು ಒಂದು ರನ್ ಹಿಂದಿತ್ತು. ಒಡೆಟ್ ಎಂದಿನಂತೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದಳು. ಮುಖಗಳು ಮತ್ತೆ ಕಲ್ಲಾಗಿದ್ದವು. ಹಿಯೆನ್ ಕುರ್ಚಿಯ ತುದಿಗೆ ಜರುಗಿದ. ಸದ್ದಾಗದಂತೆ ಎದ್ದ.

ಕ್ಲೋವಿಸ್ ಅವನ ಅಂಗಿಯ ಚುಂಗು ಹಿಡಿದು ಜಗ್ಗಿದ.

"ಬಿಡು, ನಾನಿದ್ರೆ ಸೋಲ್ತೀವಿ," ಎಂದ ಹಿಯೆನ್.

"ಸೋತ್ರೆ ಸೋಲೋಣ. ಕೂತ್ಕೋ."

ಹಿಯೆನ್ ಕೂತ. ಕ್ಲೋವಿಸ್ ಅಂಗಿಯ ಚುಂಗನ್ನು ಬಿಡಲಿಲ್ಲ.

ಬ್ಯಾಟಿಗೆ ಚೆಂಡು ತಾಗಿದ ಸದ್ದು ಒಡೆಟ್‌ಳ ಬೆನ್ನ ಹಿಂದೆ ಕೇಳಿಸಿತು. ಅವಳು ತಿರುಗಲಿಲ್ಲ. ಎದುರಿದ್ದ ಮುಖಗಳೆಲ್ಲ ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿದವು. ಚೆಂಡು ಅವಳ ತಲೆಯ ಮೇಲಿಂದ ಹಾರಿ, ಎರಡನೇ ಹಂಡೆಯ ಮುಚ್ಚಳಕ್ಕೆ ಬಡಿದು, ಎಮಿಲನ ಕಾಲ ಬುಡದಲ್ಲಿ ಬಿತ್ತು. ಬೇಸಿನಲ್ಲಿ ಕಾದಿದ್ದವನೂ ಸೇರಿ ಇಬ್ಬರು ಓಡಿಬಂದರು, ಕಾಲೇಜು ಒಂದು ರನ್ ಮುಂದಾಯಿತು. ಕೊನೆಯದಾದ ಒಂಬತ್ತನೇದರಲ್ಲಿ ಎದುರಾಳಿಗಳಿಗೆ ಏನೂ ದಕ್ಕಲಿಲ್ಲ.

ಕೊನೆಯ ಔಟ್ ಆದಾಗ ಕ್ಲೋವಿಸ್ ಏಳಲೇ ಇಲ್ಲ, ಹಿಯೆನ್‌ನ ಅಂಗಿ ಬಿಟ್ಟು ಗಂಟೆಯ ಕಡೆ ಕೈ ತೋರಿಸಿದ. ಟ್ರೇಲರ್ ಹಿಂದೆ ಗಂಟೆ ಮತ್ತೆ ಕೊಕ್ಕೆಗೇರಿತ್ತು, ಹಿಯೆನ್ ಅದರ ಹಗ್ಗ ಹಿಡಿದ. ಎಮಿಲನನ್ನು ಕರೆದು ಹಗ್ಗದ ಕೆಳತುದಿಯನ್ನು ಅವನ ಕೈಗೂ ಕೊಟ್ಟ. ಇಬ್ಬರೂ ಸೇರಿ ಜಗ್ಗಿದರು. ಗಂಟೆಯ ಸದ್ದು ನೀರು ದಾಟಿ ಆಚೆ ದಡಕ್ಕೆ ಹೋಯಿತು, ಅಲ್ಲಿ ಯಾರೋ ಕಾರಿನ ಹಾರನ್ ಒತ್ತಿ ಉತ್ತರ ಕೊಟ್ಟರು.