ಬೆಡ್ ನಂಬರ್ ಮೂರು

“ಪೀಂ!” ಎಂದು ಈಜುಕೊಳದ ಸ್ಟಾರ್ಟಿಂಗ್ ಯಂತ್ರ ಕೂಗಿದ್ದೇ ತಡ, ಗ್ಯಾಲರಿಯಲ್ಲಿ ತೂಕಡಿಸುತ್ತಿದ್ದ ಅಮ್ಮ ಧಡಕ್ಕನೆ ಎದ್ದಳು.

“ಯಾವ ಬೆಡ್ಡು? ಯಾವ ಬೆಡ್ಡು?” ಎನ್ನುತ್ತ ಮೆಟ್ಟಿಲಿಳಿದು ಓಡಿದಳು.

ನೀರಿಗೆ ಹಾರಬೇಕಿದ್ದ ಮಕ್ಕಳೆಲ್ಲ ಹಾರುವುದನ್ನು ಮರೆತು ತಿರುಗಿ ನೋಡಿದರು. “ಆಂಟೀ, ಇಲ್ಲಿ ಬೆಡ್ ಇಲ್ಲ, ಬರೀ ನೀರು!” ಎಂದು ಒಬ್ಬ ಕೂಗಿದ. ಎಲ್ಲರೂ ಗೊಳ್ಳೆಂದರು.

ಅವರ ನಡುವೆ ನಿಂತಿದ್ದ ಮಗಳು ಕಪ್ಪೆಮರಿಗೆ ನೀರಿನ ತಳಕ್ಕೆ ಹೋಗಿ ಕೂತುಬಿಡೋಣ ಎನ್ನಿಸಿತು. ಕಪ್ಪೆಮರಿ ಎಂಬುದು ತಾತ ಇಟ್ಟ ಹೆಸರು. ನೀರು ಕಂಡರೆ ಅವಳು ಬಿಡುವವಳಲ್ಲ.

ಅಮ್ಮ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಅಲ್ಲಿ ಪ್ರತಿ ಹಾಸಿಗೆಯ ಪಕ್ಕದಲ್ಲೂ ಒಂದು ಯಂತ್ರ. ರೋಗಿಗೆ ಉಸಿರು ಕಟ್ಟಿದರೆ, ಎದೆಬಡಿತ ತಪ್ಪಿದರೆ, ಅದು ‘ಪೀಂ’ ಎನ್ನುತ್ತದೆ. ದಿನವಿಡೀ ಆ ಕೂಗಿಗೆ ಓಡಿದ ಕಾಲು ಮನೆಗೆ ಬಂದರೂ ಸುಮ್ಮನಿರುತ್ತಿರಲಿಲ್ಲ. ಮೈಕ್ರೋವೇವ್ ಕೂಗಿದರೂ ಅಮ್ಮ ಓಡುತ್ತಿದ್ದಳು.

ಆ ಸಂಜೆ ಊಟದ ಮೇಜಿನ ಮೇಲೆ ಒಂದು ಫಾರ್ಮ್ ಇತ್ತು.

“ಯಾವ ವಾರ್ಡು ಬೇಕು ಅಂತ ಶುಕ್ರವಾರದೊಳಗೆ ಬರೆದು ಕೊಡಬೇಕು, ಅಪ್ಪಾ,” ಎಂದು ಅಮ್ಮ ತಾತನಿಗೆ ಹೇಳಿದಳು. “ಐಸಿಯುನಲ್ಲೇ ಇದ್ದರೆ ಸ್ಪೆಷಲ್ ಅಲೋವೆನ್ಸ್ ಸಿಗತ್ತೆ. ನಡಿಗೆ ವಾರ್ಡಿಗೆ ಹೋದರೆ ಅದಿಲ್ಲ.”

ಕಾಲು ಮುರಿದವರು, ಲಕ್ವ ಹೊಡೆದವರು ಮತ್ತೆ ನಡೆಯಲು ಕಲಿಯುವ ಜಾಗ ನಡಿಗೆ ವಾರ್ಡು.

“ನಿನ್ನ ಮನಸ್ಸು ಎಲ್ಲಿದೆ ತಾಯಿ?”

“ಮನಸ್ಸು ಒಂದು ಕಡೆ, ಸಂಬಳ ಒಂದು ಕಡೆ. ಇವಳ ಸ್ಪೆಷಲ್ ಕೋಚಿಂಗಿಗೆ ಆ ಅಲೋವೆನ್ಸೇ ಅಲ್ವಾ ಆಧಾರ?”

ಕಪ್ಪೆಮರಿ ತಟ್ಟೆಯಿಂದ ತಟ್ಟನೆ ತಲೆಯೆತ್ತಿದಳು. “ಐಸಿಯುನಲ್ಲಿ ನೀನೇ ಬೆಸ್ಟ್ ಅಲ್ವಾ ಅಮ್ಮಾ? ಅಲ್ಲೇ ಇರು!” ಎಂದುಬಿಟ್ಟಳು.

ಅಮ್ಮ ನಕ್ಕಳು. ನಗುತ್ತಲೇ ಟೀಗೆ ಎರಡು ಚಮಚ ಉಪ್ಪು ಹಾಕಿಕೊಂಡಳು.

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿದ ನರ್ಸ್, ಮುಂದೆ ಬರುವ ನರ್ಸಿಗೆ ಪ್ರತಿ ಹಾಸಿಗೆಯ ಸಮಾಚಾರವನ್ನೂ ಒಪ್ಪಿಸಿಯೇ ಹೊರಡಬೇಕು. ಅದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಅಜ್ಜಿ ಅದನ್ನು ಮನೆಗೂ ತಂದಿದ್ದಳು. ಅಮ್ಮ ಬಂದು ಶೂ ಬಿಚ್ಚುವಾಗ ಬಾಗಿಲಲ್ಲಿ ನಿಂತು ಮನೆಯವರ ವರದಿ ಒಪ್ಪಿಸುತ್ತಿದ್ದಳು. “ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮುಚ್ಚಿಟ್ಟರೆ ಮುಂದಿನವರಿಗೆ ಕಷ್ಟ,” ಎನ್ನುತ್ತಿದ್ದಳು.

ಅಜ್ಜಿ ದೇವರ ಪಾದ ಸೇರಿದ ಮೇಲೆ ಬಹಳ ದಿನ ಬಾಗಿಲು ಖಾಲಿಯಿತ್ತು. ಒಂದು ಸಂಜೆ ಕಪ್ಪೆಮರಿ ಅಜ್ಜಿಯ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಅಲ್ಲಿ ಹೋಗಿ ನಿಂತಳು. ಅಂದಿನಿಂದ ಅದು ಅವಳ ಕೆಲಸವಾಯಿತು.

ಗುರುವಾರ ಅಮ್ಮ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. “ಹ್ಯಾಂಡೋವರ್ ಕೊಡಿ, ಸಿಸ್ಟರ್.”

“ಬೆಡ್ ನಂಬರ್ ಒಂದು, ತಾತ. ಮಾತ್ರೆ ತಗೊಂಡಿದಾರೆ. ಪ್ರಾರ್ಥನೆ ಮಾಡ್ತಾ ಮಾಡ್ತಾ ಗೊರಕೆ ಹೊಡೆದರು.”

“ಗೊರಕೆ ಅಲ್ಲವೇ, ಧ್ಯಾನ!” ಒಳಗಿನಿಂದ ತಾತನ ದನಿ.

“ಬೆಡ್ ನಂಬರ್ ಎರಡು, ನಾನು. ಮಂಡಿ ತರಚಿದೆ. ಹೋಮ್‌ವರ್ಕ್ ಅರ್ಧ ಆಗಿದೆ.”

“ಅಷ್ಟೇನಾ?”

ಅಷ್ಟೇ ಎನ್ನಬೇಕೆಂದು ಬಾಯಿ ತೆರೆದಳು. ಕಣ್ಣು ಕೆಳಗೆ ಹೋಯಿತು. ಚಪ್ಪಲಿಯಲ್ಲಿ ಅಜ್ಜಿಯ ಹೆಬ್ಬೆರಳು ಊರಿ ಊರಿ ಬಿದ್ದ ಗುಳಿ ಹಾಗೆಯೇ ಇತ್ತು.

“ಇನ್ನೊಂದು ಬೆಡ್ ಇದೆ,” ಎಂದಳು. “ಬೆಡ್ ನಂಬರ್ ಮೂರು. ಅಮ್ಮ.”

“ಓಹೋ! ಹೇಗಿದಾರಪ್ಪ ಪೇಷಂಟು?”

“ಊಟ ಅರ್ಧಕ್ಕೇ ಬಿಡ್ತಾರೆ. ಟೀಗೆ ಉಪ್ಪು ಹಾಕ್ಕೊಂಡು ಅದನ್ನೇ ಕುಡಿದರು. ಮೈಕ್ರೋವೇವ್ ಕೂಗಿದರೂ ಬೆಡ್ ಹುಡುಕ್ಕೊಂಡು ಓಡ್ತಾರೆ. ನಿನ್ನೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತರು.” ಅವಳ ದನಿ ಸಣ್ಣಗಾಯಿತು. “ನನಗೆ ಕೇಳಿಸ್ತು. ಕೋಚಿಂಗ್ ಹೋಗಿಬಿಡತ್ತೆ ಅಂತ ಯಾರಿಗೂ ಹೇಳಲಿಲ್ಲ.”

ಅಮ್ಮನ ನಗು ನಿಂತಿತು. ಒಂದು ಶೂ ಕೈಯಲ್ಲೇ ಉಳಿಯಿತು. “ಈ ಪೇಷಂಟಿಗೆ ಏನು ಮಾಡೋಣ, ಸಿಸ್ಟರ್?” ಎಂದು ಕೇಳಿದಳು.

“ವಾರ್ಡ್ ಚೇಂಜ್,” ಎಂದಳು ಕಪ್ಪೆಮರಿ. ಹೇಳಿದ ಮೇಲೆ ಅವಳಿಗೂ ಅಳು ಬಂತು.

ಒಳಗಿನಿಂದ ತಾತ ಎದ್ದು ಬಂದರು. “ನಿಮ್ಮಜ್ಜಿ ಇದ್ದಿದ್ದರೆ ಇದನ್ನೇ ಹೇಳ್ತಿದ್ದಳು,” ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಶುಕ್ರವಾರ ಅಮ್ಮ ಫಾರ್ಮಿನಲ್ಲಿ ನಡಿಗೆ ವಾರ್ಡು ಎಂದು ಬರೆದು ಕೊಟ್ಟಳು. ಸ್ಪೆಷಲ್ ಕೋಚಿಂಗ್ ಹೋಯಿತು. ಶನಿವಾರದ ಸಾಮಾನ್ಯ ಬ್ಯಾಚಿನಲ್ಲಿ ಒಂದೇ ಲೇನಿಗೆ ಹತ್ತು ಜನ. ಹಿಂದಿನವರ ಕೈ ಕಾಲಿಗೆ ತಾಗುತ್ತಿತ್ತು, ಮುಂದಿನವರ ಕಾಲು ಮೂಗಿಗೆ ಬಡಿಯುತ್ತಿತ್ತು. ಆದರೆ ಈಗ ಊಟದ ಹೊತ್ತಿಗೆ ಅಮ್ಮ ಕತೆ ಹೇಳತೊಡಗಿದಳು. ಆರು ತಿಂಗಳಿಂದ ಮಲಗಿದ್ದ ಲಾರಿ ಡ್ರೈವರ್ ಹನ್ನೊಂದು ಹೆಜ್ಜೆ ನಡೆದನಂತೆ! “ಸೈಡು ಕೊಡ್ರಪ್ಪಾ, ಬ್ರೇಕ್ ಇಲ್ಲ!” ಎಂದು ಕೂಗಿದನಂತೆ. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತಂತೆ. ಹೇಳುತ್ತ ಹೇಳುತ್ತ ಅಮ್ಮ ತಟ್ಟೆ ಖಾಲಿ ಮಾಡುತ್ತಿದ್ದಳು.

ಎರಡು ತಿಂಗಳ ನಂತರ ಸ್ಪರ್ಧೆ ಬಂತು. ಕಪ್ಪೆಮರಿ ಕೊಳದ ಅಂಚಿನಲ್ಲಿ ಬಾಗಿ ನಿಂತಳು. ಅವಳ ಎದೆ ಡವಗುಟ್ಟುತ್ತಿದ್ದುದು ನೀರಿಗಾಗಿ ಅಲ್ಲ.

“ಪೀಂ!”

ಉಳಿದವರೆಲ್ಲ ಹಾರಿದರು. ಕಪ್ಪೆಮರಿ ಮಾತ್ರ ಕತ್ತೆತ್ತಿ ಗ್ಯಾಲರಿ ನೋಡಿದಳು.

ಅಮ್ಮ ಕೂತೇ ಇದ್ದಳು. ಆರಾಮವಾಗಿ ಕಿತ್ತಳೆ ಸುಲಿಯುತ್ತಿದ್ದಳು.

“ಹಾರೇ ಕಪ್ಪೆಮರೀ! ಏನು ನೋಡ್ತಿದೀಯೇ?” ತಾತ ಗಂಟಲು ಹರಿಯುವಂತೆ ಕೂಗಿದರು.

ಅವಳು ಹಾರಿದಳು. ಅಂದು ನೀರು ಅವಳನ್ನು ತಾನೇ ಎತ್ತಿ ಒಯ್ದಂತಿತ್ತು. ಒಬ್ಬರನ್ನು ದಾಟಿದಳು, ಮತ್ತೊಬ್ಬರನ್ನು ದಾಟಿದಳು, ಒಂದೇ ಉಸಿರಿಗೆ ಇನ್ನಿಬ್ಬರನ್ನು ಹಿಂದೆ ಹಾಕಿದಳು. ಗೋಡೆ ಮುಟ್ಟಿದಾಗ ಅವಳಿಗಿಂತ ಮುಂದೆ ಒಬ್ಬಳೇ ಇದ್ದಳು, ಅದೂ ಗೇಣುದ್ದ.

“ಬೀಪ್ ಆದಾಗ ಎಲ್ಲಿತ್ತೇ ನಿನ್ನ ಗ್ಯಾನ?” ಕೋಚ್ ತಲೆ ತಲೆ ಚಚ್ಚಿಕೊಂಡರು. “ಫಸ್ಟ್ ಬರ್ತಿದ್ದೆ!”

ಗೆದ್ದ ಹುಡುಗಿ ಈಜಿನ ಕನ್ನಡಕ ಮೇಲೆತ್ತಿ ಅವಳನ್ನೇ ನೋಡಿದಳು. “ನೀನು ಸೆಕೆಂಡ್ ಕಣೇ. ಯಾಕಿಷ್ಟು ನಗ್ತಿದೀಯ?”

ಗ್ಯಾಲರಿಯಲ್ಲಿ ಅಮ್ಮ ಈಗ ಎದ್ದು ಕುಣಿಯುತ್ತಿದ್ದಳು. ಮಡಿಲಲ್ಲಿದ್ದ ಕಿತ್ತಳೆ ಸಿಪ್ಪೆಯೆಲ್ಲ ಮುಂದಿನ ಸಾಲಿನವರ ತಲೆಯ ಮೇಲೆ ಉದುರುತ್ತಿತ್ತು.

ಕಪ್ಪೆಮರಿ ಬಾಯಲ್ಲಿದ್ದ ನೀರನ್ನು ಪುಸಕ್ಕನೆ ಉಗುಳಿದಳು.

“ನಮ್ಮ ಪೇಷಂಟು ಹುಷಾರಾದರು,” ಎಂದಳು.