ಅಜ್ಜಿ ಏಳದ ಭಾನುವಾರ

"ಅಜ್ಜಿ, ಏಳು. ನಮ್ಮ ಸಾಲು ಬಂತು," ಎಂದು ಬ್ಯೂಲಾ ಪಿಸುಗುಟ್ಟಿದಳು.

ಅಜ್ಜಿ ಜ್ಞಾನಮ್ಮ ಏಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೆಂಚಿಗೆ ಅಂಟಿದವಳಂತೆ ಕೂತಳು. ಆ ಬೆಂಚಿನವರೆಲ್ಲ ಅವಳ ಮೊಣಕಾಲು ದಾಟಿಕೊಂಡು, ತಿಂಗಳಿಗೊಮ್ಮೆ ಕೊಡುವ ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳಲು ಮುಂದೆ ಹೋದರು.

ಮುಂದೆ ರೊಟ್ಟಿ ಕೊಡುತ್ತಿದ್ದವರು ಸ್ನೇಹಲತಾ ಪಾಸ್ಟರ್. ಭದ್ರಾವತಿಯ ಈ ಚರ್ಚಿಗೆ ಹೊಸದಾಗಿ ಬಂದವರು. ಸೀರೆಯ ಮೇಲೆ ಬಿಳಿ ನಿಲುವಂಗಿ ತೊಟ್ಟಿದ್ದರು.

ಮೊದಲ ವಾರ ಅವರನ್ನು ನೋಡಿದಾಗ ಬ್ಯೂಲಾ, "ಇವತ್ತು ಹೆಂಗಸರ ಭಾನುವಾರಾನಾ?" ಎಂದು ಕೇಳಿದ್ದಳು. ಅವಳದೇನು ತಪ್ಪು? ವರ್ಷಕ್ಕೊಂದು ಭಾನುವಾರ ಮಾತ್ರ ಅಲ್ಲಿ ಹೆಂಗಸರು ಆರಾಧನೆ ನಡೆಸುತ್ತಿದ್ದರು. ಅವತ್ತು ಬೈಬಲ್ ಓದಿ ಪ್ರಸಂಗ ಮಾಡುವವಳು ಅಜ್ಜಿಯೇ. ಅಜ್ಜಿ ಬಾಯಿ ತೆಗೆದರೆ ಫ್ಯಾಕ್ಟರಿ ಸೈರನ್ನೂ ಸುಮ್ಮನಾಗಬೇಕು ಎಂದು ಅಪ್ಪ ಛೇಡಿಸುತ್ತಿದ್ದ. ಈ ಪಾಸ್ಟರ್ ಮಾತ್ರ ಮರುವಾರವೂ ನಿಂತರು, ಅದರ ಮರುವಾರವೂ ನಿಂತರು.

ಊಟಕ್ಕೆ ಕೂತಾಗ ಬ್ಯೂಲಾ ಬಿಡಲಿಲ್ಲ. "ಯಾಕಜ್ಜಿ ನೀನು ಹೋಗ್ಲಿಲ್ಲ?"

"ಹೆಂಗಸಿನ ಕೈಯಿಂದ ನಂಗೆ ಬೇಡ."

"ನೀನೂ ಹೆಂಗಸೇ ತಾನೆ? ನೀನು ಪ್ರಸಂಗ ಮಾಡ್ತೀಯಲ್ಲ?"

"ಅದು ಬೇರೆ, ಇದು ಬೇರೆ. ಸುಮ್ನೆ ಉಣ್ಣು. ಮುಂದಿನ ತಿಂಗಳಿಂದ ನಾನು ಶಿವಮೊಗ್ಗದ ಚರ್ಚಿಗೆ ಹೋಗ್ತೀನಿ."

ಬ್ಯೂಲಾ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತಳು. ಅಜ್ಜಿಯಿಲ್ಲದ ಬೆಂಚಿನಲ್ಲಿ ಅವಳು ಯಾವತ್ತೂ ಕೂತವಳಲ್ಲ. ಬೇರೆ ಅಂದರೆ ಏನು ಬೇರೆ? ಎಷ್ಟು ಯೋಚಿಸಿದರೂ ತಲೆಗೆ ಹೋಗಲಿಲ್ಲ.

ಸ್ಕೂಲಿನಲ್ಲಿ ಗೆಳತಿ ಮೈತ್ರಿಯನ್ನು ಕೇಳಿದಳು.

"ನಮ್ಮಲ್ಲೂ ಹಂಗೇ ಮಾರಾಯ್ತಿ," ಎಂದಳು ಮೈತ್ರಿ. "ಮನೇಲಿ ದಿನಾ ಪೂಜೆ ಮಾಡೋದು ಅಮ್ಮ. ದೇವಸ್ಥಾನದಲ್ಲಿ ಮಾತ್ರ ಭಟ್ಟರು. ಯಾಕೆ ಅಂತ ಕೇಳಿದ್ರೆ ಹೋಮ್‌ವರ್ಕ್ ಮಾಡು ಅಂತಾರೆ."

ಬ್ಯೂಲಾಳ ಗೊಂದಲ ಇನ್ನಷ್ಟು ಹೆಚ್ಚಾಯಿತು.

ಗುರುವಾರ ಸಂಜೆ ಸ್ನೇಹಲತಾ ಪಾಸ್ಟರ್ ಲೂನಾದಲ್ಲಿ ಮನೆಗೇ ಬಂದುಬಿಟ್ಟರು. ಅಜ್ಜಿ ಮುಖ ಗಂಟು ಹಾಕಿಕೊಂಡೇ ಕಾಫಿ ಕೊಟ್ಟಳು. ಮನೆಗೆ ಬಂದವರಿಗೆ ಕಾಫಿ ಕೊಡದಿರುವಷ್ಟು ಕೋಪ ಅಜ್ಜಿಗೆ ಯಾರ ಮೇಲೂ ಬಂದಿಲ್ಲ.

ಪಾಸ್ಟರ್ ಮನೆಗೆ ಬಂದರೆ ಹೊರಡುವ ಮುಂಚೆ ಮನೆಯವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ವಾಡಿಕೆ. ಇವರು ಹಾಗೆ ಮಾಡಲಿಲ್ಲ. ಅಜ್ಜಿಯ ಮುಂದೆ ತಾವೇ ಚಾಪೆಯ ಮೇಲೆ ಮೊಣಕಾಲೂರಿದರು.

"ಅಮ್ಮ, ನನಗೋಸ್ಕರ ನೀವು ಪ್ರಾರ್ಥನೆ ಮಾಡಿ. ಅಲ್ಲಿ ಮುಂದೆ ನಿಂತ್ರೆ ನಂಗೆ ಹೆದರಿಕೆ ಆಗ್ತದೆ."

ಪ್ರಾರ್ಥನೆ ಕೇಳಿದವರಿಗೆ ಇಲ್ಲ ಅನ್ನುವುದುಂಟೇ? ಅಜ್ಜಿ ಆ ಬಗ್ಗಿದ ತಲೆಯ ಮೇಲೆ ಕೈಯಿಟ್ಟಳು. ಬ್ಯೂಲಾ ಕಣ್ಣು ಮುಚ್ಚಿದಂತೆ ನಟಿಸಿ, ರೆಪ್ಪೆಯ ಸಂದಿಯಿಂದ ನೋಡುತ್ತಿದ್ದಳು.

"ಪರಲೋಕದ ತಂದೆಯೇ, ನಿನ್ನ ಈ ದಾಸಿಯನ್ನು ಬಲಪಡಿಸು..."

ಎಂದಿನ ಹಾಗೆ ದೊಡ್ಡ ದೊಡ್ಡ ಮಾತುಗಳು ಬಂದವು. ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋದವು. ಅಜ್ಜಿ ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು.

"ನಾನೂ ಕೇಳಿದ್ದೆನಲ್ಲಪ್ಪ, ತಂದೆ. ಹುಡುಗಿಯಾಗಿದ್ದಾಗ ಎಷ್ಟು ಸಲ ಕೇಳಿದೆ. ಪಾಸ್ಟರ್ ಆಗೋಕೆ ನನ್ನನ್ನ ಯಾಕೆ ಕರೀಲಿಲ್ಲ?"

ಪಾಸ್ಟರ್ ತಲೆ ಎತ್ತಲಿಲ್ಲ, ಅಜ್ಜಿ ಕೈ ತೆಗೆಯಲಿಲ್ಲ.

ಮುಂದಿನ ತಿಂಗಳು ಅಜ್ಜಿ ರೊಟ್ಟಿ ತೆಗೆದುಕೊಳ್ಳಲು ಏಳುತ್ತಾಳೋ, ಶಿವಮೊಗ್ಗದ ಬಸ್ಸು ಹತ್ತುತ್ತಾಳೋ, ಬ್ಯೂಲಾಗೆ ಗೊತ್ತಾಗಲಿಲ್ಲ. ಅಜ್ಜಿಯ ಸಿಟ್ಟು ಈ ಪಾಸ್ಟರ್ ಮೇಲಿನದಲ್ಲ ಎಂಬುದಷ್ಟೇ ಗೊತ್ತಾಯಿತು. ಅಜ್ಜಿಯ ಕೆನ್ನೆ ಒದ್ದೆಯಾಗಿತ್ತು. ಅದನ್ನು ತಾನು ನೋಡಬಾರದು ಅನ್ನಿಸಿ, ಅವಳು ನಿಜವಾಗಿಯೂ ಕಣ್ಣು ಮುಚ್ಚಿದಳು.